ಸ್ಕೀನ್ಸ್ ಅವರನ್ನು ಬಿಟ್ಟುಕೊಡಬೇಡಿ, ಬ್ಯಾಟರ್‌ಗಳನ್ನು ತನ್ನಿ

ಪಿಟ್ಸ್‌ಬರ್ಗ್, ನವೆಂಬರ್ 2025

ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡದ ಮಾಲೀಕರಾದ ಬಾಬ್ ನಟಿಂಗ್ ಅವರಿಗೆ, ಜನರಲ್ ಮ್ಯಾನೇಜರ್ ಬೆನ್ ಚೆರಿಂಗ್ಟನ್ ಅವರಿಗೆ,

ನಮಸ್ಕಾರ.

ಪಾಲ್ ಸ್ಕೀನ್ಸ್ ಅವರಿಗೆ ಈ ತಿಂಗಳು ಸೈ ಯಂಗ್ ಪ್ರಶಸ್ತಿ ಬಂತು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಎರಡು ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್‌ಗೆ, ಅಂದರೆ ಚೆಂಡು ಎಸೆಯುವವರಿಗೆ, ಸಿಗುವ ಪ್ರಶಸ್ತಿ ಅದು. ಮತ ಹಾಕಿದ ಒಬ್ಬೊಬ್ಬರೂ ಅವರ ಹೆಸರನ್ನೇ ಮೊದಲು ಬರೆದಿದ್ದರು. ಅವರಿಗೆ ಈಗ 23 ವರ್ಷ. ಅದೇ ಸೀಸನ್‌ನಲ್ಲಿ ಅವರ ತಂಡ, ನಮ್ಮ ತಂಡ, 71 ಪಂದ್ಯ ಗೆದ್ದು 91 ಸೋತಿತು. ವಿಭಾಗದಲ್ಲಿ ಕೊನೆಯ ಸ್ಥಾನ. ಈ ಎರಡು ಸುದ್ದಿಯನ್ನು ಒಟ್ಟಿಗೆ ಓದಿ ಸಂಕಟಪಡದ ಅಭಿಮಾನಿ ಈ ಊರಲ್ಲಿ ಇರಲಾರರು. ಆ ಸಂಕಟದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಇದರ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸುತ್ತೇನೆ. ಕನ್ನಡದಲ್ಲಿ ಬರೆದು ಎಲ್ಲರ ಮುಂದೆ ಇಡುವುದಕ್ಕೆ ಕಾರಣ ಇದೆ. ಈ ಊರಿನ ಆಸ್ಪತ್ರೆಗಳಲ್ಲಿ, ಯೂನಿವರ್ಸಿಟಿಗಳಲ್ಲಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ಕನ್ನಡಿಗರಿದ್ದಾರೆ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ, ಅಲ್ಲೇ ಪ್ರಸಾದ ತಿಂದು, ಮಕ್ಕಳಿಗೆ ಕಪ್ಪು-ಹಳದಿ ಟೋಪಿ ಹಾಕಿ ಸಂಜೆ ಪಂದ್ಯಕ್ಕೆ ಹೊರಡುವ ಮನೆಗಳಿವೆ. ಟಿಕೆಟ್ ಕೊಳ್ಳುವವರಲ್ಲಿ ನಾವೂ ಇದ್ದೇವೆ. ಸೀಸನ್ ಮುಗಿದಾಗಿನಿಂದ ನಮ್ಮ ಮನೆಗಳಲ್ಲೂ ಇದೇ ಚರ್ಚೆ. ಊರಿನ ಉಳಿದ ಅಭಿಮಾನಿಗಳ ಹಾಗೆ ನಮ್ಮಲ್ಲೂ ಒಮ್ಮತ ಇಲ್ಲ. ನನ್ನ ಅಭಿಪ್ರಾಯವನ್ನು ಬರೆದಿಡುತ್ತೇನೆ. ಒಪ್ಪದವರು ಇದನ್ನು ಓದಿ ವಾದಕ್ಕೆ ಬರಲಿ, ಬರಬೇಕು.

ಮೊದಲು ಜೋರಾಗಿ ಕೇಳುವ ದನಿ. "ತಂಡ ಮಾರಿ" ಎಂಬ ಕೂಗು ನಿಮಗೆ ಹೊಸದಲ್ಲ. ನಿಮ್ಮ ಸ್ಟೇಡಿಯಂನಲ್ಲೇ ಸಾವಿರಾರು ಜನ ಒಟ್ಟಿಗೆ ಕೂಗಿದ್ದಾರೆ. 2007ರಿಂದ ನೀವು ಮುಖ್ಯ ಮಾಲೀಕರು. ಈ ಅವಧಿಯಲ್ಲಿ ತಂಡ ಪ್ಲೇ ಆಫ್ ತಲುಪಿದ್ದು 2013, 2014, 2015ರಲ್ಲಿ ಮಾತ್ರ. ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಕಡೆಯ ಬಾರಿ ಗೆದ್ದದ್ದು 1979ರಲ್ಲಿ. ಆ ಕೂಗು ಎಲ್ಲಿಂದ ಬರುತ್ತಿದೆ ಎಂಬುದು ನನಗೆ ಅರ್ಥವಾಗುತ್ತದೆ, ಅದರಲ್ಲಿರುವ ಸಿಟ್ಟು ನ್ಯಾಯವಾದದ್ದೇ. ಆದರೆ ಮಾರುವುದು ಬಿಡುವುದು ನಿಮ್ಮ ಕೈಯಲ್ಲಿದೆ, ನಮ್ಮ ಕೈಯಲ್ಲಿಲ್ಲ. ಮಾಲೀಕರು ಯಾರೇ ಇರಲಿ, ಈ ಚಳಿಗಾಲದಲ್ಲಿ ಆಗಬೇಕಾದ ಕೆಲಸ ಕಾಯುವುದಿಲ್ಲ. ಹಾಗಾಗಿ ನಾನು ಆ ಕೆಲಸದ ಬಗ್ಗೆಯೇ ಬರೆಯುತ್ತೇನೆ.

ನಮ್ಮ ತಂಡ 2025ರಲ್ಲಿ ಹೊಡೆದ ಹೋಮ್ ರನ್ (ಚೆಂಡನ್ನು ಗೋಡೆಯಾಚೆ ಕಳಿಸುವ ಹೊಡೆತ) 117. ಮೂವತ್ತು ತಂಡಗಳಲ್ಲಿ ಅತಿ ಕಡಿಮೆ. ಗಳಿಸಿದ ರನ್‌ಗಳಲ್ಲೂ ನಾವೇ ಕೊನೆ. 20 ಹೋಮ್ ರನ್ ಮುಟ್ಟಿದ್ದು ಓನೀಲ್ ಕ್ರೂಜ್ ಒಬ್ಬರೇ. ಫಿಲಡೆಲ್ಫಿಯಾದ ಕೈಲ್ ಶ್ವಾರ್ಬರ್ ಒಬ್ಬರೇ ಅದೇ ಸೀಸನ್‌ನಲ್ಲಿ 56 ಹೊಡೆದರು. ನಮ್ಮ ಇಡೀ ತಂಡ ಆರು ತಿಂಗಳಲ್ಲಿ ಮಾಡಿದ್ದರ ಹತ್ತಿರ ಹತ್ತಿರ ಅರ್ಧವನ್ನು ಒಬ್ಬ ಆಟಗಾರ ಮಾಡಿದರು.

ಇನ್ನೊಂದು ಕಡೆ ಸ್ಕೀನ್ಸ್ ಅವರ ಅಂಕಿ ನೋಡಿ. ಒಂಬತ್ತು ಇನ್ನಿಂಗ್ಸ್‌ಗೆ ಅವರು ಬಿಟ್ಟುಕೊಟ್ಟ ರನ್ ಸರಾಸರಿ 1.97. ಸ್ಟ್ರೈಕ್‌ಔಟ್‌ಗಳು, ಅಂದರೆ ಮೂರು ಸ್ಟ್ರೈಕ್ ಎಸೆದು ಬ್ಯಾಟರ್‌ಗಳನ್ನು ಔಟ್ ಮಾಡಿದ್ದು, 216. ಆದರೆ ಅವರ ಹೆಸರಿನಲ್ಲಿ ದಾಖಲಾದ ಗೆಲುವು 10, ಸೋಲು 10. ಬೇಸ್‌ಬಾಲ್ ಅಷ್ಟಾಗಿ ನೋಡದ ಓದುಗರಿಗೆ ಒಂದು ಮಾತು: ಪಿಚರ್ ಎಷ್ಟೇ ಚೆನ್ನಾಗಿ ಎಸೆದರೂ ಅವರ ತಂಡ ರನ್ ಮಾಡದಿದ್ದರೆ ಗೆಲುವು ಅವರ ಲೆಕ್ಕಕ್ಕೆ ಬರುವುದಿಲ್ಲ. ಎರಡು ರನ್ನೂ ಬಿಡದ ಪಿಚರ್ ಹತ್ತು ಸಲ ಸೋತರು ಅಂದರೆ ಕೊರತೆ ಎಲ್ಲಿದೆ ಎಂದು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಈಗ ಚರ್ಚೆಯ ಬಿಸಿ ಇರುವುದು ಇಲ್ಲೇ. "ಸ್ಕೀನ್ಸ್ ಹೇಗಿದ್ದರೂ ಉಳಿಯುವುದಿಲ್ಲ, ಬೆಲೆ ಏರಿರುವಾಗಲೇ ಬೇರೆ ತಂಡಕ್ಕೆ ಕೊಟ್ಟು ನಾಲ್ಕೈದು ಹುಡುಗರನ್ನು ತಂದುಬಿಡಿ" ಎನ್ನುವವರಿದ್ದಾರೆ. ನನ್ನ ಆಪ್ತ ಗೆಳೆಯರಲ್ಲೇ ಇದ್ದಾರೆ. ಅವರ ಲೆಕ್ಕ ಸರಳ. 2029ರ ಸೀಸನ್ ಮುಗಿದ ಮೇಲೆ ಸ್ಕೀನ್ಸ್ ಫ್ರೀ ಏಜೆಂಟ್. ಯಾವ ತಂಡ ಜಾಸ್ತಿ ಕೊಡುತ್ತದೋ ಅಲ್ಲಿಗೆ ಹೋಗಬಹುದು. ಅಷ್ಟು ಹಣ ಪಿಟ್ಸ್‌ಬರ್ಗ್ ಕೊಡುವುದಿಲ್ಲ. ಹಾಗಾದರೆ ಈಗಲೇ ಮಾರುವುದು ಜಾಣತನ, ಅಂತಾರೆ.

ಈ ಜಾಣತನವನ್ನು ನಾವು ಮಾಡಿ ನೋಡಿದ್ದೇವೆ. ಗೆರಿಟ್ ಕೋಲ್ 2011ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಪದ್ಧತಿ) ಎಲ್ಲರಿಗಿಂತ ಮೊದಲು ನಾವೇ ಆರಿಸಿಕೊಂಡ ಪಿಚರ್. 2018ರ ಜನವರಿಯಲ್ಲಿ ಅವರನ್ನು ಹ್ಯೂಸ್ಟನ್‌ಗೆ ಕೊಟ್ಟಿರಿ. ಬದಲಿಗೆ ನಾಲ್ವರು ಬಂದರು. ಆ ನಾಲ್ವರನ್ನು ಇಟ್ಟುಕೊಂಡು ತಂಡ ಒಂದು ಸಲವೂ ಪ್ಲೇ ಆಫ್ ತಲುಪಲಿಲ್ಲ. ಕೋಲ್ ಮುಂದೆ ಯಾಂಕೀಸ್ ಜೊತೆ 32 ಕೋಟಿ 40 ಲಕ್ಷ ಡಾಲರ್ ಒಪ್ಪಂದ ಮಾಡಿಕೊಂಡು 2023ರಲ್ಲಿ ಸೈ ಯಂಗ್ ಗೆದ್ದರು. ಆ ನಾಲ್ವರಲ್ಲಿ ಒಬ್ಬರಾದ ಜೋ ಮಸ್‌ಗ್ರೋವ್ ಅವರನ್ನೂ ನಾವು ಇಟ್ಟುಕೊಳ್ಳಲಿಲ್ಲ. ಅವರು 2021ರಲ್ಲಿ ಸ್ಯಾನ್ ಡಿಯಾಗೊ ಪರ ಆ ತಂಡದ ಇತಿಹಾಸದ ಮೊದಲ ನೋ ಹಿಟ್ಟರ್ ಎಸೆದರು, ಅಂದರೆ ಇಡೀ ಪಂದ್ಯದಲ್ಲಿ ಎದುರಾಳಿಗೆ ಒಂದು ಹಿಟ್ಟೂ ಕೊಡಲಿಲ್ಲ. ಕೋಲ್ ಹೋದ ಎರಡೇ ದಿನಕ್ಕೆ ಆಂಡ್ರೂ ಮೆಕಚನ್ ಅವರನ್ನೂ ಕಳಿಸಿದಿರಿ. 2013ರಲ್ಲಿ ಲೀಗ್‌ನ ಅತ್ಯಂತ ಮೌಲ್ಯದ ಆಟಗಾರ ಎನಿಸಿಕೊಂಡವರು, ಈ ಊರಿನ ಮಕ್ಕಳಿಗೆಲ್ಲ ಅಚ್ಚುಮೆಚ್ಚು. ಅದೇ ವರ್ಷದ ಜುಲೈನಲ್ಲಿ ಟೈಲರ್ ಗ್ಲಾಸ್‌ನೌ, ಆಸ್ಟಿನ್ ಮೆಡೋಸ್, ಶೇನ್ ಬಾಜ್ ಮೂವರನ್ನೂ ಟ್ಯಾಂಪಾಗೆ ಕೊಟ್ಟು ಕ್ರಿಸ್ ಆರ್ಚರ್ ಅವರನ್ನು ತಂದಿರಿ. ಆರ್ಚರ್ ಇಲ್ಲಿ ನೆಲೆ ನಿಲ್ಲಲಿಲ್ಲ. ಗ್ಲಾಸ್‌ನೌ ಈ ತಿಂಗಳ ಮೊದಲ ದಿನ ಡಾಡ್ಜರ್ಸ್ ಜೊತೆ ವರ್ಲ್ಡ್ ಸೀರೀಸ್ ಟ್ರೋಫಿ ಎತ್ತಿದರು.

ಚೆರಿಂಗ್ಟನ್ ಅವರೇ, ಈ ಟ್ರೇಡ್‌ಗಳು ನಿಮ್ಮ ಕಾಲದವಲ್ಲ, ಗೊತ್ತು. ನೀವು ಬಂದದ್ದು 2019ರ ನವೆಂಬರ್‌ನಲ್ಲಿ. ಆದರೆ ನಷ್ಟ ಕಂಡದ್ದು ಇದೇ ತಂಡ, ಇದೇ ಅಭಿಮಾನಿಗಳು. ಒಬ್ಬ ದೊಡ್ಡ ಆಟಗಾರನ ಬದಲಿಗೆ ನಾಲ್ವರು ಮಧ್ಯಮ ಆಟಗಾರರು ಬಂದಾಗ ಲೆಕ್ಕದ ಪುಸ್ತಕದಲ್ಲಿ ಸರಿಹೋಗುತ್ತದೆ. ಮೈದಾನದಲ್ಲಿ ಆ ಜಾಗ ಖಾಲಿಯೇ ಉಳಿಯುತ್ತದೆ. ಸ್ಕೀನ್ಸ್ ಥರದವರು ಒಂದು ಊರಿಗೆ ಒಂದು ತಲೆಮಾರಿನಲ್ಲಿ ಒಬ್ಬರು ಸಿಕ್ಕರೆ ಹೆಚ್ಚು. ರನ್ ಸರಾಸರಿ ಮೊದಲ ಸೀಸನ್‌ನಲ್ಲಿ 1.96, ಎರಡನೆಯದರಲ್ಲಿ 1.97. ಎರಡು ವರ್ಷವೂ ಎರಡು ಲೀಗ್‌ಗಳ ತಾರೆಗಳು ಆಡುವ ಆಲ್ ಸ್ಟಾರ್ ಪಂದ್ಯದಲ್ಲಿ ನ್ಯಾಷನಲ್ ಲೀಗ್ ಪರ ಪಿಚಿಂಗ್ ಶುರು ಮಾಡಲು ಅವರನ್ನೇ ಕರೆದರು. ಇಂಥವರನ್ನು ಕೊಟ್ಟು ಇನ್ನೊಬ್ಬ ಇಂಥವರು ಸಿಗುತ್ತಾರೆಂದು ಕಾಯುವುದು ನನ್ನ ಬುದ್ಧಿಗೆ ಒಪ್ಪುವುದಿಲ್ಲ.

ಅವರನ್ನು ಉಳಿಸಿಕೊಂಡರೆ ಸಾಲದು. ನಮ್ಮ ಕೈಯಲ್ಲಿರುವುದು ನಾಲ್ಕು ಸೀಸನ್, 2026ರಿಂದ 2029ರವರೆಗೆ. ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಆಮೇಲೆ ಮಾತುಕತೆ ಎಳೆದಾಡಿದರೆ 2027ರ ಸೀಸನ್ ಪೂರ್ತಿ ನಡೆಯುತ್ತದೆಂದು ಯಾರೂ ಖಾತ್ರಿ ಕೊಡಲಾರರು. "ಹೊಸ ನಿಯಮ ಬರಲಿ, ಸಂಬಳಕ್ಕೆ ಮಿತಿ ಬರಲಿ, ಆಮೇಲೆ ಖರ್ಚು ಮಾಡೋಣ" ಎಂಬ ವಾದ ಕೆಲವರಲ್ಲಿದೆ. ಹಾಗೆ ಕಾಯುತ್ತಾ ಕೂತರೆ ಸ್ಕೀನ್ಸ್ ಅವರ ಅರ್ಧ ಅವಧಿ ಕಳೆದೇಹೋಗುತ್ತದೆ. ನಿಶ್ಚಿತವಾಗಿ ನಮ್ಮದು ಅನ್ನಬಹುದಾದ ಸೀಸನ್ ಮುಂದಿನದು. ಅದರ ತಯಾರಿ ಆಗಬೇಕಾದ್ದು ಈಗ.

ಹಣದ ಮಾತಿಗೆ ಬರುತ್ತೇನೆ. ಕರ್ನಾಟಕದಲ್ಲಿರುವ ಓದುಗರಿಗೆ ಇಲ್ಲಿನ ಪದ್ಧತಿ ವಿಚಿತ್ರ ಅನ್ನಿಸಬಹುದು. ಐಪಿಎಲ್ ಹರಾಜಿನಲ್ಲಿ ಎಲ್ಲ ತಂಡಗಳ ಚೀಲದಲ್ಲೂ ಒಂದೇ ಮೊತ್ತ. 2025ರ ಸೀಸನ್‌ಗೆ ತಲಾ 120 ಕೋಟಿ ರೂಪಾಯಿ ಇತ್ತು. ಮುಂಬೈ ಆಗಲಿ ಬೆಂಗಳೂರು ಆಗಲಿ ಅದನ್ನು ಮೀರುವಂತಿಲ್ಲ. ಅಷ್ಟಾದರೂ ನಮ್ಮ ಆರ್‌ಸಿಬಿ ಮೊದಲ ಕಪ್ ಎತ್ತಲು 18ನೇ ಸೀಸನ್‌ವರೆಗೆ ಕಾಯಬೇಕಾಯಿತು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಅಂಥ ಮಿತಿಯೇ ಇಲ್ಲ. ಒಂದು ಮಟ್ಟ ದಾಟಿದರೆ ತೆರಿಗೆ ಕಟ್ಟಬೇಕು, ಕಟ್ಟಿ ಮುಂದುವರಿಯಬಹುದು. ಲಾಸ್ ಏಂಜಲಿಸ್ ಡಾಡ್ಜರ್ಸ್ ಆಟಗಾರರ ಸಂಬಳಕ್ಕೆ ವರ್ಷಕ್ಕೆ 30 ಕೋಟಿ ಡಾಲರ್‌ಗೂ ಹೆಚ್ಚು ಸುರಿಯುತ್ತದೆ. ನಮ್ಮದು 2025ರ ಶುರುವಿನಲ್ಲಿ 9 ಕೋಟಿ ಆಸುಪಾಸು.

ಇದು ಅನ್ಯಾಯ. ನೀವು ಹಾಗಂದರೆ ನಾನು ಹೌದೆನ್ನುತ್ತೇನೆ. ಆದರೆ ಅದೇ ಅನ್ಯಾಯದ ಒಳಗೆ ನಮ್ಮ ವಿಭಾಗದಲ್ಲೇ ಮಿಲ್ವಾಕಿ ಇದೆ. ಸುತ್ತಲಿನ ಪ್ರದೇಶವನ್ನೂ ಸೇರಿಸಿ ನೋಡಿದರೆ ಪಿಟ್ಸ್‌ಬರ್ಗ್‌ಗಿಂತ ಸಣ್ಣ ಊರು. ಬ್ರೂವರ್ಸ್ ತಂಡಕ್ಕೆ ಹಾಲಿವುಡ್‌ನ ದುಡ್ಡಿಲ್ಲ, ನ್ಯೂಯಾರ್ಕ್‌ನ ಟಿವಿ ಹಣವಿಲ್ಲ. 2025ರಲ್ಲಿ ಅವರು 97 ಪಂದ್ಯ ಗೆದ್ದರು. ಮೂವತ್ತೂ ತಂಡಗಳಲ್ಲಿ ಅತಿ ಹೆಚ್ಚು. ಸಣ್ಣ ಊರು ಅನ್ನುವುದೊಂದೇ ಕಾರಣ ಆಗಿದ್ದರೆ ಅವರೂ ನಮ್ಮ ಪಕ್ಕದಲ್ಲೇ ಇರಬೇಕಿತ್ತು.

ದೊಡ್ಡ ಊರಿನ ತಂಡಗಳ ಆದಾಯದಲ್ಲಿ ಒಂದು ಪಾಲು ಸಣ್ಣ ಊರಿನ ತಂಡಗಳಿಗೆ ಬರುತ್ತದೆ. ನಿಮಗೂ ಬರುತ್ತದೆ. ಅದನ್ನು ತಂಡ ಬಲಪಡಿಸಲು ಬಳಸುತ್ತಿಲ್ಲ ಎಂದು ಆಟಗಾರರ ಸಂಘ 2018ರಲ್ಲಿ ನಾಲ್ಕು ತಂಡಗಳ ಮೇಲೆ ದೂರು ಕೊಟ್ಟಿತ್ತು. ಅದರಲ್ಲಿ ಪೈರೇಟ್ಸ್ ಹೆಸರೂ ಇತ್ತು. ನಮ್ಮ ಸ್ಟೇಡಿಯಂ ಪಿಎನ್‌ಸಿ ಪಾರ್ಕ್ ಕಟ್ಟಿದ್ದು ಹೆಚ್ಚಿನ ಪಾಲು ಸಾರ್ವಜನಿಕ ಹಣದಲ್ಲಿ. ಅಲೆಗೆನಿ ನದಿಯ ದಂಡೆಯಲ್ಲಿ ಕುಳಿತು, ಕ್ಲೆಮೆಂಟೆ ಸೇತುವೆ ಮತ್ತು ಅದರಾಚೆ ಊರಿನ ಕಟ್ಟಡಗಳನ್ನು ನೋಡುತ್ತಾ ಆಟ ಸವಿಯುವುದು ಎಂಥ ಖುಷಿ ಎಂದು ಬಂದವರಿಗೆಲ್ಲ ಗೊತ್ತು. ಅಮೆರಿಕದಲ್ಲಿ ಇದಕ್ಕಿಂತ ಚಂದದ ಬೇಸ್‌ಬಾಲ್ ಮೈದಾನ ನಾನು ಕಂಡಿಲ್ಲ. 2015ರಲ್ಲಿ ತಂಡ 98 ಪಂದ್ಯ ಗೆದ್ದಾಗ ಇಲ್ಲಿಗೆ ಸುಮಾರು 25 ಲಕ್ಷ ಜನ ಬಂದಿದ್ದರು. ಈ ವರ್ಷ 15 ಲಕ್ಷದ ಆಸುಪಾಸು. ಚಂದದ ಮೈದಾನ ಅಲ್ಲೇ ಇದೆ. ಜನ ಗೆಲುವಿಗೆ ಬರುತ್ತಾರೆ, ಟಿಕೆಟ್ ಹಣವೂ ಅದರ ಜೊತೆಗೆ ಬರುತ್ತದೆ.

ನೀವು ಖರ್ಚೇ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಬ್ರಯನ್ ರೆನಾಲ್ಡ್ಸ್ ಅವರಿಗೆ 2023ರಲ್ಲಿ ಎಂಟು ವರ್ಷಕ್ಕೆ 10 ಕೋಟಿ 67 ಲಕ್ಷದ 50 ಸಾವಿರ ಡಾಲರ್ ಒಪ್ಪಂದ ಕೊಟ್ಟಿರಿ. ಮಿಚ್ ಕೆಲರ್ ಅವರಿಗೆ ಐದು ವರ್ಷಕ್ಕೆ 7 ಕೋಟಿ 70 ಲಕ್ಷ. ಇಬ್ಬರೂ ಮೇಜರ್ ಲೀಗ್‌ಗೆ ಕಾಲಿಟ್ಟದ್ದು ನಮ್ಮ ತಂಡದಲ್ಲೇ. ಅವು ಒಳ್ಳೆಯ ತೀರ್ಮಾನಗಳು. ತೊಂದರೆ ಇರುವುದು ಹೊರಗಿನಿಂದ ಕರೆತರುವ ವಿಷಯದಲ್ಲಿ. ಫ್ರೀ ಏಜೆಂಟ್ ಒಬ್ಬರಿಗೆ ಪೈರೇಟ್ಸ್ ಕೊಟ್ಟ ಅತಿ ದೊಡ್ಡ ಒಪ್ಪಂದ ಇವತ್ತಿಗೂ ಫ್ರಾನ್ಸಿಸ್ಕೊ ಲಿರಿಯಾನೊ ಅವರದೇ: ಮೂರು ವರ್ಷಕ್ಕೆ 3 ಕೋಟಿ 90 ಲಕ್ಷ ಡಾಲರ್, 2014ರ ಡಿಸೆಂಬರ್‌ನಲ್ಲಿ. ಚೆರಿಂಗ್ಟನ್ ಅವರು ಬಂದ ಮೇಲೆ ಒಬ್ಬ ಫ್ರೀ ಏಜೆಂಟ್‌ಗೂ ಒಂದು ವರ್ಷ ಮೀರಿದ ಒಪ್ಪಂದ ಕೊಟ್ಟಿಲ್ಲ. ಪ್ರತಿ ಚಳಿಗಾಲವೂ ಇದೇ ಕಥೆ. ವಯಸ್ಸು ದಾಟುತ್ತಿರುವ ಇಬ್ಬರು ಮೂವರು ಬ್ಯಾಟರ್‌ಗಳು ಒಂದೊಂದು ವರ್ಷಕ್ಕೆ ಬರುತ್ತಾರೆ. ಜುಲೈ ಬಂದರೆ ಹೊರಡುತ್ತಾರೆ.

ಒಂದು ವರ್ಷಕ್ಕೆ ಬರುವ ಆಟಗಾರನಿಗೆ ಇದು ದಾರಿಯಲ್ಲಿ ಸಿಕ್ಕ ನಿಲ್ದಾಣ. ತಪ್ಪು ಅವರದಲ್ಲ. ಆದರೆ ಕ್ರೂಜ್ ಅಂಥ ಹುಡುಗರ ಹಿಂದೆ ಮುಂದೆ ನಿಂತು ಮೂರು ವರ್ಷ ಬ್ಯಾಟ್ ಮಾಡುವ ಒಬ್ಬ ಗಟ್ಟಿ ಹೊಡೆತಗಾರ ಬೇಕು. ಎದುರಾಳಿ ಪಿಚರ್‌ಗಳು ಕ್ರೂಜ್ ಅವರಿಗೆ ಒಳ್ಳೆಯ ಚೆಂಡು ಎಸೆಯಲೇಬೇಕಾದ ಪರಿಸ್ಥಿತಿ ಬರಬೇಕು. ಈಗ ಹೊಡೆಯಲು ಚೆಂಡು ಕೊಡದೆ ಅವರನ್ನು ಸುಮ್ಮನೆ ಮೊದಲ ಬೇಸ್‌ಗೆ ಕಳಿಸಿದರೂ ಹಿಂದೆ ಬರುವವರ ಬಗ್ಗೆ ಯಾರಿಗೂ ಭಯವಿಲ್ಲ.

ಎಡಗೈ ಬ್ಯಾಟರ್ ಆದರೆ ಇನ್ನೂ ಒಳ್ಳೆಯದು. ನಮ್ಮ ಮೈದಾನದ ಆಕಾರವೇ ಹಾಗಿದೆ. ಎಡ-ಮಧ್ಯ ಮೂಲೆಯಲ್ಲಿ ಗೋಡೆ 410 ಅಡಿ ದೂರ. ಬಲಗೈ ಬ್ಯಾಟರ್‌ಗಳ ಒಳ್ಳೊಳ್ಳೆಯ ಹೊಡೆತಗಳು ಅಲ್ಲಿ ಕ್ಯಾಚ್ ಆಗಿ ಸಾಯುತ್ತವೆ. ಎಡಗೈ ಬ್ಯಾಟರ್‌ಗಳ ದೊಡ್ಡ ಹೊಡೆತ ಹೆಚ್ಚಾಗಿ ಹೋಗುವ ಬಲ ತುದಿಯಲ್ಲಿ ಬರೀ 320 ಅಡಿ, ಗೋಡೆ ಮಾತ್ರ 21 ಅಡಿ ಎತ್ತರ. ಶ್ವಾರ್ಬರ್ ಎಡಗೈ ಆಟಗಾರ, ಈ ಚಳಿಗಾಲದಲ್ಲಿ ಫ್ರೀ ಏಜೆಂಟ್. ಅವರೇ ಬರಲಿ ಎಂದು ಹಟ ಹಿಡಿಯುವುದಿಲ್ಲ, ಅವರನ್ನು ಕೇಳಲು ದೊಡ್ಡ ದೊಡ್ಡ ತಂಡಗಳು ಸಾಲು ನಿಂತಿರುತ್ತವೆ. ಅವರ ನಂತರದ ಸಾಲಿನಲ್ಲೂ ಒಳ್ಳೆಯ ಎಡಗೈ ಬ್ಯಾಟರ್‌ಗಳಿದ್ದಾರೆ. ಅವರಿಗೆ ಎರಡು ಮೂರು ವರ್ಷದ ಮಾತು ಕೊಡಿ. ಪಿಟ್ಸ್‌ಬರ್ಗ್‌ಗೆ ಬರಲು ಹಿಂಜರಿಯುತ್ತಾರಾ? ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಕೊಡಿ. ಸೋಲುವ ತಂಡಕ್ಕೆ ಬರಲು ಆಟಗಾರ ಜಾಸ್ತಿ ಕೇಳುವುದು ಸಹಜ.

ಎರಡನೆಯ ದಾರಿ ಟ್ರೇಡ್. ಇದರಲ್ಲಿ ನಮಗೆ ನಿಜವಾದ ಶಕ್ತಿ ಇದೆ. ಪಿಚಿಂಗ್ ನಮ್ಮಲ್ಲಿ ಸಮೃದ್ಧ. ಸ್ಕೀನ್ಸ್ ಬಿಟ್ಟರೂ ಕೆಲರ್ ಇದ್ದಾರೆ, ಆಗಸ್ಟ್‌ನಲ್ಲಿ ಬಂದ ಬಬ್ಬಾ ಚಾಂಡ್ಲರ್ ಇದ್ದಾರೆ, ಬ್ರಾಕ್ಸ್‌ಟನ್ ಆಶ್‌ಕ್ರಾಫ್ಟ್ ಇದ್ದಾರೆ, ಮೊಣಕೈ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವ ಜ್ಯಾರೆಡ್ ಜೋನ್ಸ್ ಇದ್ದಾರೆ. ಪಿಚರ್‌ಗಳನ್ನು ತಯಾರು ಮಾಡುವುದರಲ್ಲಿ ನಿಮ್ಮ ಸಿಬ್ಬಂದಿ ಪಳಗಿದ್ದಾರೆ, ಅದಕ್ಕೆ ನನ್ನ ಮನಃಪೂರ್ವಕ ಮೆಚ್ಚುಗೆ. ಬ್ಯಾಟರ್‌ಗಳ ವಿಷಯದಲ್ಲಿ ಅದೇ ಮಾತು ಹೇಳಲಾರೆ. 2021ರ ಡ್ರಾಫ್ಟ್‌ನ ಮೊದಲ ಆಯ್ಕೆ ಹೆನ್ರಿ ಡೇವಿಸ್ ಬ್ಯಾಟಿಂಗ್‌ನಲ್ಲಿ ಇನ್ನೂ ನೆಲೆ ಕಂಡಿಲ್ಲ. ಕೆಬ್ರಯನ್ ಹೇಯ್ಸ್ ಫೀಲ್ಡಿಂಗ್‌ನಲ್ಲಿ ಅದ್ಭುತ, ಬ್ಯಾಟ್ ಮಾತ್ರ ಕೈಕೊಟ್ಟಿತು. ಜುಲೈನಲ್ಲಿ ಅವರನ್ನು ಸಿನ್ಸಿನಾಟಿಗೆ ಕಳಿಸಿದಿರಿ. ನಮಗೆ ಬರುವ ವಿದ್ಯೆಯಿಂದ ಬಂದ ಫಲವನ್ನು ಕೊಟ್ಟು, ಬಾರದ ವಿದ್ಯೆಯ ಫಲವನ್ನು ಕೊಂಡು ತರುವುದರಲ್ಲಿ ತಪ್ಪೇನಿಲ್ಲ. ಸ್ಕೀನ್ಸ್ ಅಲ್ಲದ ಒಬ್ಬ ಪಿಚರ್ ಕೊಟ್ಟು, ಇವತ್ತೇ ಮೇಜರ್ ಲೀಗ್‌ನಲ್ಲಿ ಹೊಡೆಯುವ ಬ್ಯಾಟರ್ ತನ್ನಿ. "ಮುಂದೊಂದು ದಿನ ಹೊಡೆಯಬಹುದು" ಎನ್ನುವ ಹುಡುಗ ಈಗ ಬೇಡ.

ಅಂಥ ಹುಡುಗ ನಮ್ಮ ಬಳಿಯೇ ಇದ್ದಾನೆ. ಕಾನರ್ ಗ್ರಿಫಿನ್‌ಗೆ ಇನ್ನೂ 19. ಈ ವರ್ಷ ಕೆಳಗಿನ ಲೀಗ್‌ಗಳಲ್ಲಿ 21 ಹೋಮ್ ರನ್ ಹೊಡೆದು 65 ಬೇಸ್ ಕದ್ದ, ಅಂದರೆ ಯಾರೂ ಚೆಂಡು ಹೊಡೆಯುವ ಮೊದಲೇ ಓಡಿ ಮುಂದಿನ ಬೇಸ್ ಸೇರಿದ. ಅವನ ಆಟ ನೋಡಿದವರ ಕಣ್ಣು ಹೊಳೆಯುತ್ತದೆ. ಎಲ್ಲರ ಚರ್ಚೆಯೂ ಕೊನೆಗೆ ಅವನ ಹೆಸರಿಗೇ ಬಂದು ನಿಲ್ಲುತ್ತದೆ, "ಗ್ರಿಫಿನ್ ಬರ್ತಾನೆ, ಎಲ್ಲ ಸರಿಹೋಗುತ್ತೆ" ಅಂತ. ಇಡೀ ತಂಡದ ಕೊರತೆಯನ್ನು ಒಬ್ಬ ಹುಡುಗನ ಹೆಗಲ ಮೇಲೆ ಹೇರಬೇಡಿ. ಅವನು ಬಂದಾಗ ಸುತ್ತ ಅನುಭವಿಗಳಿರಲಿ. ತಪ್ಪು ಮಾಡಿ ಕಲಿಯಲು ಅವನಿಗೆ ಜಾಗ ಇರಲಿ.

ಮೆಕಚನ್ ಅವರ ಬಗ್ಗೆ ಎರಡೇ ಮಾತು. ಅವರಿಗೆ 39. ಮುಂದಿನ ವರ್ಷವೂ ಇಲ್ಲೇ ಆಡುವ ಆಸೆ ಅವರಿಗಿದ್ದರೆ ಮನೆಯವರಂತೆ ಕರೆದು ಮಾತಾಡಿಸಿ. ದಿನವೂ ಆಡುವ ಹೊಡೆತಗಾರನ ಜಾಗವನ್ನು ಅವರಿಂದ ತುಂಬಿಸಿದೆವು ಎಂದು ಮಾತ್ರ ಲೆಕ್ಕ ಹಾಕಬೇಡಿ.

ಹಣ, ಟ್ರೇಡ್ ಇವುಗಳ ಜೊತೆಗೆ ನಂಬಿಕೆಯ ಪ್ರಶ್ನೆಯೂ ಇದೆ. ಬಲಗೋಡೆ 21 ಅಡಿ ಎತ್ತರ ಎಂದೆನಲ್ಲ, ಅದು ರಾಬರ್ಟೊ ಕ್ಲೆಮೆಂಟೆ ಅವರ ಅಂಗಿಯ ಸಂಖ್ಯೆ. ಪೋರ್ಟೊರಿಕೊದಿಂದ ಬಂದು ಇದೇ ತಂಡಕ್ಕಾಗಿ 3000 ಹಿಟ್ ಹೊಡೆದವರು. 1972ರ ಡಿಸೆಂಬರ್ 31ರಂದು ನಿಕರಾಗುವದ ಭೂಕಂಪ ಸಂತ್ರಸ್ತರಿಗೆ ನೆರವು ಒಯ್ಯುತ್ತಿದ್ದ ವಿಮಾನ ಬಿದ್ದು ತೀರಿಕೊಂಡವರು. ಈ ವರ್ಷದ ವಸಂತದಲ್ಲಿ ಆ ಗೋಡೆಯ ಮೇಲಿದ್ದ 21ರ ಗುರುತು ತೆಗೆದು ಮದ್ಯದ ಜಾಹೀರಾತು ಹಾಕಲಾಯಿತು. ಅವರ ಮನೆಯವರು, ಅಭಿಮಾನಿಗಳು ನೊಂದು ಕೇಳಿದ ಮೇಲೆ ಗುರುತು ವಾಪಸ್ ಬಂತು. ಅದೇ ದಿನಗಳಲ್ಲಿ ಸ್ಟೇಡಿಯಂ ಕಟ್ಟುವಾಗ ಜನ ಹಣ ಕೊಟ್ಟು ತಮ್ಮವರ ಹೆಸರು ಕೆತ್ತಿಸಿದ್ದ ಇಟ್ಟಿಗೆಗಳು ಗುಜರಿ ಅಂಗಳದಲ್ಲಿ ರಾಶಿ ಬಿದ್ದ ಚಿತ್ರ ಹೊರಬಂತು. ತೀರಿಹೋದ ಅಪ್ಪ, ಅಜ್ಜನ ಹೆಸರುಗಳು ಅವು. ಸೋಲು ಸಹಿಸಿಕೊಂಡ ಜನಕ್ಕೆ ಇದನ್ನು ಸಹಿಸುವುದು ಕಷ್ಟವಾಯಿತು. ಈ ಊರು 1993ರಿಂದ 2012ರವರೆಗೆ ಸತತ 20 ಸೋಲಿನ ಸೀಸನ್ ಕಂಡೂ ತಂಡದ ಜೊತೆ ನಿಂತಿತ್ತು. 2013ರ ಅಕ್ಟೋಬರ್‌ನಲ್ಲಿ ಪ್ಲೇ ಆಫ್ ಪಂದ್ಯದ ರಾತ್ರಿ ಕಪ್ಪು ಬಟ್ಟೆ ತೊಟ್ಟು ಬಂದು ಎದುರಾಳಿ ಪಿಚರ್ ಕ್ವೆಟೊ ಅವರ ಹೆಸರು ಕೂಗಿದ ರಭಸಕ್ಕೆ ಅವರ ಕೈಯಿಂದ ಚೆಂಡು ಜಾರಿತ್ತು, ಮರು ಎಸೆತದಲ್ಲೇ ನಮ್ಮ ರಸೆಲ್ ಮಾರ್ಟಿನ್ ಹೋಮ್ ರನ್ ಹೊಡೆದಿದ್ದರು. ಆ ಜನ ಎಲ್ಲಿಗೂ ಹೋಗಿಲ್ಲ. ಅವರ ಮನಸ್ಸು ಮುರಿದಿದೆ ಅಷ್ಟೆ.

ನಮ್ಮವರಿಗೆ ಈ ತಂಡದ ಮೇಲೆ ಪ್ರೀತಿ ಹುಟ್ಟಲು ಇನ್ನೊಂದು ಎಳೆಯೂ ಇದೆ. 2008ರಲ್ಲಿ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಉತ್ತರ ಪ್ರದೇಶದ ಇಬ್ಬರು ಹುಡುಗರಿಗೆ ಒಪ್ಪಂದ ಕೊಟ್ಟದ್ದು ಪೈರೇಟ್ಸ್. ಜಾವೆಲಿನ್ ಎಸೆಯುತ್ತಿದ್ದ ಅವರು ಒಂದು ಟಿವಿ ಸ್ಪರ್ಧೆಯಿಂದ ಬಂದವರು, ಬೇಸ್‌ಬಾಲ್ ಆಡಿಯೇ ಇರಲಿಲ್ಲ. ಬೇರೆ ಯಾರೂ ನೋಡದ ಕಡೆ ನೋಡುವ ಧೈರ್ಯ ಆಗ ನಿಮಗಿತ್ತು. ಅವರು ಮೇಜರ್ ಲೀಗ್ ತಲುಪಲಿಲ್ಲ, ನಿಜ. ಆದರೂ ಆ ಸುದ್ದಿ ಕೇಳಿ ಈ ತಂಡದ ಹೆಸರನ್ನು ಮೊದಲ ಬಾರಿ ತಿಳಿದುಕೊಂಡವರು ನಮ್ಮಲ್ಲಿದ್ದಾರೆ.

ಡಿಸೆಂಬರ್ ಎರಡನೇ ವಾರ ಒರ್ಲಾಂಡೊದಲ್ಲಿ ಎಲ್ಲ ತಂಡಗಳ ಚಳಿಗಾಲದ ಸಭೆ ಸೇರುತ್ತದೆ. ಚೆರಿಂಗ್ಟನ್ ಅವರೇ, ಸ್ಕೀನ್ಸ್ ಹೆಸರು ಎತ್ತಿದವರಿಗೆ ಅಲ್ಲೇ ಇಲ್ಲ ಎನ್ನಿ. ಕೈಯಲ್ಲಿ ಒಬ್ಬ ಬ್ಯಾಟರ್‌ನ ಬಹುವರ್ಷದ ಒಪ್ಪಂದ, ಟ್ರೇಡ್‌ನಲ್ಲಿ ಸಿಕ್ಕ ಇನ್ನೊಬ್ಬ ಬ್ಯಾಟರ್ ಹಿಡಿದು ವಾಪಸ್ ಬನ್ನಿ. ನಟಿಂಗ್ ಅವರೇ, ಅದಕ್ಕೆ ಬೇಕಾದ ಹಣವನ್ನು ಅವರು ವಿಮಾನ ಹತ್ತುವ ಮೊದಲೇ ಮಂಜೂರು ಮಾಡಿ. ಎಷ್ಟು ಮಾಡಿದಿರಿ ಎಂಬುದನ್ನು ಊರಿನ ಮುಂದೆ ಹೇಳಿ. ಮ್ಯಾನೇಜರ್ ಡಾನ್ ಕೆಲಿ ಇದೇ ಸೀಮೆಯವರು. ಮೇ ತಿಂಗಳಲ್ಲಿ ಮುಗ್ಗರಿಸಿದ್ದ ತಂಡವನ್ನು ವಹಿಸಿಕೊಂಡು 59 ಪಂದ್ಯ ಗೆಲ್ಲಿಸಿ 65 ಸೋತರು. ಇದ್ದ ಬ್ಯಾಟ್‌ಗಳಲ್ಲಿ ಅಷ್ಟು ಮಾಡಿದವರ ಕೈಗೆ ಇನ್ನೆರಡು ಒಳ್ಳೆಯ ಬ್ಯಾಟ್ ಕೊಡಿ.

ನಮ್ಮ ಕೆಲವು ಮನೆಗಳು ಮುಂದಿನ ಸೀಸನ್ ಟಿಕೆಟ್ ಪ್ಯಾಕೇಜ್ ಇನ್ನೂ ತೆಗೆದುಕೊಂಡಿಲ್ಲ. ಡಿಸೆಂಬರ್ ಕೊನೆಯವರೆಗೆ ನೋಡೋಣ ಎಂದು ಮಾತಾಡಿಕೊಂಡಿದ್ದೇವೆ. ತಗೊಳ್ಳಬೇಕೆಂಬ ಆಸೆಯೇ ಎಲ್ಲರಿಗೂ ಇದೆ.

ಇಂತಿ,
ಪಿಟ್ಸ್‌ಬರ್ಗ್‌ನ ಒಬ್ಬ ಕನ್ನಡಿಗ ಅಭಿಮಾನಿ